ಅತ್ತಿಗೆಯ ಸಮುದಾಯ

ನಮ್ಮ ಅತ್ತಿಗೆ ಜಗಳಗಂಟಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಜಗಳಗಂಟಿಯರು ಕಣ್ಣಿಗೆ ಕಾಣುವವರ ಜೊತೆ ಜಗಳಾಡುತ್ತಾರೆ. ನಮ್ಮ ಅತ್ತಿಗೆಗೆ ಅಷ್ಟು ಸಣ್ಣ ಅಂಗಳ ಸಾಲದು! ಪೋರ್ಚುಗಲ್ ದೇಶದ ಒಬ್ಬ ಪುಣ್ಯಾತ್ಮನ ಮುಖವನ್ನು ಅವರು ಇವತ್ತಿಗೂ ನೋಡಿಲ್ಲ. ಆದರೂ ಕಂಪ್ಯೂಟರ್ ಪರದೆಯ ಮೇಲೆ ಮೂಡುವ ಒಂದು ಸೂಚನೆಯಲ್ಲಿ ಅಲ್ಪವಿರಾಮ ಇರಬೇಕೋ ಬೇಡವೋ ಎಂಬ ವಿಷಯಕ್ಕೆ ಅವನೊಂದಿಗೆ ಹನ್ನೊಂದು ದಿನ ಜಗಳಾಡಿದ್ದಾರೆ. ಹನ್ನೆರಡನೆಯ ದಿನ ಅವನೇ ಸೋತು ಅಲ್ಪವಿರಾಮ ತೆಗೆದ.

ಕರಣಕೋಟದ ಸಿಮೆಂಟ್ ಕಾರ್ಖಾನೆಯಲ್ಲಿ ಗುಮಾಸ್ತನಾಗಿರುವ ನಮ್ಮಣ್ಣ ಈ ಸುದ್ದಿ ಕೇಳಿ, "ಹನ್ನೊಂದ್ ದಿನ ತಡದಾನಾ! ನನ್ನ ಕೈಲೆ ಹನ್ನೊಂದ್ ನಿಮಿಷ ಆಗಂಗಿಲ್ಲ" ಎಂದ. ಪೋರ್ಚುಗಲ್ ಯಾವ ದಿಕ್ಕಿಗಿದೆ ಎಂದು ನನ್ನನ್ನು ಕೇಳಿಕೊಂಡು, ಆ ದಿಕ್ಕಿಗೆ ಕೈ ಮುಗಿದ.

ಅತ್ತಿಗೆ ನಾರಾಯಣಖೇಡ ಕಡೆಯವರು. ಅವರ ತಂದೆ ಕುರಿ ಸಾಕಿದವರು. ಮಗಳು ಗಣಿತ ಓದಿ ಪೆದ್ದೆಮುಲ್‌ನ ಸರ್ಕಾರಿ ಶಾಲೆಯಲ್ಲಿ ಟೀಚರ್ ಆದರು. ನಮ್ಮಣ್ಣನನ್ನು ಮದುವೆಯಾಗಿ ಕರ್ನಾಟಕದ ಗಡಿಗೆ ಹತ್ತಿರದ ತಾಂಡೂರಿನ ನಮ್ಮ ಮನೆ ಸೇರಿದರು. ಕಂಪ್ಯೂಟರ್ ಅವರ ವಿಷಯವೇ ಅಲ್ಲ. ಅದು ನನ್ನ ವಿಷಯ! ತಾಂಡೂರಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಅಂಗಡಿಗಳಿಗೆ, ಶಾಲೆಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದವನು ನಾನು. ಅತ್ತಿಗೆ ಅದರೊಳಗೆ ಬಂದದ್ದು ನನ್ನನ್ನು ಪಾರು ಮಾಡಲು.

ಆಗ ನಾನು ಹೈದರಾಬಾದಿನ ಒಬ್ಬ ಮನುಷ್ಯನ ತಂತ್ರಾಂಶ ಬಳಸುತ್ತಿದ್ದೆ. ಬಲು ಚೆಂದದ್ದು. ಆದರೆ ಅದರ ಒಳಗೇನಿದೆ ಎಂದು ಅವನಿಗೊಬ್ಬನಿಗೇ ಗೊತ್ತು. ನಾವು ಹಾಕಿದ ಬರಹ, ಫೋಟೋ ಎಲ್ಲವೂ ಅವನ ಪೆಟ್ಟಿಗೆಯಲ್ಲಿ. ಒಂದು ದಿನ ಅವನು ಅಂಗಡಿ ಮುಚ್ಚಿ, ಫೋನ್ ಬಂದ್ ಮಾಡಿ ಎಲ್ಲಿಗೋ ಹೋದ. ಅವನ ಜೊತೆ ನೆಲಕ್ಕೆ ಹಾಸುವ ಬಂಡೆಗಳ ವ್ಯಾಪಾರಿಯೊಬ್ಬರ ಇಡೀ ವೆಬ್‌ಸೈಟೂ ಹೋಯಿತು! ನೀಲಿ ಬಂಡೆ, ಹಳದಿ ಬಂಡೆ, ಪಾಲಿಶ್ ಮಾಡಿದ್ದು, ಮಾಡದ್ದು, ಒಂದೊಂದಕ್ಕೂ ಬಿಸಿಲು ನೋಡಿ ತೆಗೆದ ಫೋಟೋ. ವ್ಯಾಪಾರಿ ನಮ್ಮ ಮನೆಗೇ ಬಂದು ನನ್ನ ಕಾಲರಿಗೆ ಕೈ ಹಾಕಿದರು.

"ನನ್ನ ಬಂಡಿಗೋಳು ಎಲ್ಲಿ ಹೋದ್ವಲೇ?"

ಬಂಡೆಯಂಥ ಬಂಡೆ ಕಳೆದುಹೋಗುತ್ತದೆಯೆ ಎಂದು ಅಡುಗೆಮನೆಯಿಂದ ಹೊರಬಂದ ಅತ್ತಿಗೆ ನನ್ನನ್ನು ಕೂರಿಸಿ ಎಲ್ಲ ವಿಚಾರಿಸಿದರು. ಕೊನೆಗೆ ಒಂದೇ ಮಾತು ಹೇಳಿದರು.

"ಕುರಿ ತಗೋಳಾಕ ಹೋದ್ರ ನಮ್ಮಪ್ಪ ಮೊದಲು ಬಾಯಿ ತೆಗದು ಹಲ್ಲು ನೋಡ್ತಾನ. ಬಾಯಿ ತೆಗ್ಯಾಕ ಬಿಡಲಿಲ್ಲ ಅಂದ್ರ ಎಷ್ಟ್ ಚೆಂದ ಇದ್ರೂ ವಾಪಸ್ ಬರ್ತಾನ. ನೀ ಹಲ್ಲು ನೋಡ್ದೇ ತಂದೀದಿ ತಮ್ಮಾ."

ಹಲ್ಲು ತೋರಿಸುವ ತಂತ್ರಾಂಶ ಜಗತ್ತಿನಲ್ಲಿದೆಯೆ? ಇತ್ತು! ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಒಳಗಿನ ಒಂದೊಂದು ಸಾಲನ್ನೂ ಓದಬಹುದು, ತಪ್ಪಿದ್ದರೆ ತಿದ್ದಿ ಕಳಿಸಬಹುದು. ನಾವು ಬರೆದದ್ದು ನಮ್ಮ ಕೈಯಲ್ಲೇ ಇರುತ್ತದೆ. ಮಾಡಿದವನು ಓಡಿಹೋಗುವ ಭಯವಿಲ್ಲ. ಯಾಕೆಂದರೆ ಮಾಡಿದವರು ಸಾವಿರಾರು ಜನ. ಅಷ್ಟು ಜನ ಒಟ್ಟಿಗೆ ಓಡುವುದು ಹೇಗೆ? ಆ ತಂತ್ರಾಂಶದಲ್ಲಿ ಬಂಡೆಗಳನ್ನೆಲ್ಲ ಮತ್ತೆ ಜೋಡಿಸುವಷ್ಟರಲ್ಲಿ ಅತ್ತಿಗೆ ನನಗಿಂತ ಮುಂದೆ ಹೋಗಿದ್ದರು. ಗಣಿತದವರಲ್ಲವೆ, ತಪ್ಪು ಕಂಡರೆ ಕೆಂಪು ಶಾಯಿಯ ಪೆನ್ನು ಹುಡುಕುತ್ತಾರೆ. ಅಲ್ಲಿ ತಿದ್ದಲು ಇಡೀ ಜಗತ್ತಿನ ಉತ್ತರಪತ್ರಿಕೆ ಬಿದ್ದಿತ್ತು!

ಅವರ ಹೆಸರೂ ತಂತ್ರಾಂಶ ಕಟ್ಟಿದವರ ಪಟ್ಟಿಯಲ್ಲಿ ಬಂದ ದಿನ ಮನೆಯಲ್ಲಿ ಹುಗ್ಗಿ ಆಯಿತು. ನಮ್ಮವ್ವ ಕೇಳಿದಳು, "ಇಷ್ಟ್ ದುಡದಿದ್ದಕ್ಕ ಏನ್ ಕೊಟ್ರು?"

"ಹೆಸರು ಇಟ್ಟಾರ್ರಿ ಅತ್ತಿ."

"ಹೆಸರು ಇಡೋದು ನಾನೂ ಪುಕ್ಕಟೆ ಮಾಡ್ತಿದ್ನಲ್ಲ!" ಎಂದಳು ಅವ್ವ.

ಇವೆಲ್ಲ ನಡೆದದ್ದು ಪ್ರತ್ಯೇಕ ತೆಲಂಗಾಣದ ಹೋರಾಟ ಕಾವೇರಿದ್ದ ವರ್ಷಗಳಲ್ಲಿ. ಬಸ್ಸು ಯಾವಾಗ ನಿಲ್ಲುತ್ತದೆ, ಶಾಲೆ ಯಾವಾಗ ತೆರೆಯುತ್ತದೆ, ಯಾರಿಗೂ ಗೊತ್ತಿರುತ್ತಿರಲಿಲ್ಲ. ಬೆಳಿಗ್ಗೆ ಹೊರಗೆ ಹೋದವರು ಸಂಜೆ ಮನೆ ಮುಟ್ಟುವವರೆಗೂ ಅವ್ವ ಬಾಗಿಲಲ್ಲೇ ಇರುತ್ತಿದ್ದಳು. ಸರ್ಕಾರಿ ನೌಕರರೆಲ್ಲ ಮುಷ್ಕರಕ್ಕೆ ಕೂತಾಗ ಅತ್ತಿಗೆಯೂ ಕೂತರು. ಕೂತರೆಂದರೆ ಸುಮ್ಮನೆ ಅಲ್ಲ! ಟೆಂಟಿನಲ್ಲಿ ಮೊದಲ ಸಾಲು, ತೊಡೆಯ ಮೇಲೆ ಲ್ಯಾಪ್‌ಟಾಪು. "ಜೈ ತೆಲಂಗಾಣ" ಎಂದು ಅವರು ಕೂಗಿದರೆ ಎದುರಿನ ಹೋಟೆಲಿನವನ ಕೈಯಲ್ಲಿ ಚಹದ ಲೋಟ ಅಲುಗುತ್ತಿತ್ತು. ಹೋರಾಟ ಸಮಿತಿಗೆ ತೆಲುಗಿನಲ್ಲಿ ಒಂದು ಸುದ್ದಿಯ ವೆಬ್‌ಸೈಟನ್ನೂ ಅವರೇ ಮಾಡಿಕೊಟ್ಟರು. ಎಲ್ಲಿ ರಸ್ತೆ ತಡೆ, ಎಲ್ಲಿ ಸಭೆ, ಯಾರ ಮೇಲೆ ಲಾಠಿ ಬಿತ್ತು, ಎಲ್ಲವೂ ಅದರಲ್ಲಿ.

ಆ ವೆಬ್‌ಸೈಟಿಗೆ ಒಂದು ವಿಚಿತ್ರ ರೋಗ ಹಿಡಿಯಿತು. ತಲೆಬರಹ ಉದ್ದವಾದರೆ ಆ ಪುಟದ ವಿಳಾಸ ಅಕ್ಷರದ ನಡುವೆಯೇ ಕತ್ತರಿಸಿಹೋಗುತ್ತಿತ್ತು. ಒತ್ತಿದರೆ ಪುಟವೇ ಇಲ್ಲ! ಹೋರಾಟದವರಿಗೆ ಚಿಕ್ಕ ತಲೆಬರಹ ಬರೆಯಿರಿ ಎಂದು ಹೇಳುವ ಧೈರ್ಯ ಯಾರಿಗಿದೆ? ಅತ್ತಿಗೆ ತಂತ್ರಾಂಶದ ಚರ್ಚಾಕಟ್ಟೆಯಲ್ಲಿ ಇಂಗ್ಲಿಷಿನಲ್ಲಿ ದೂರು ಬರೆದರು. ಉತ್ತರ ಕೊಟ್ಟವನು ಸೈಕಲ್.

ಹೌದು, ಅಲ್ಲಿ ಅವನ ಹೆಸರು ಅಷ್ಟೇ. ಸೈಕಲ್. ಯಾವ ದೇಶವೋ, ಎಷ್ಟು ವಯಸ್ಸೋ ಗೊತ್ತಿಲ್ಲ. ಮೂರು ವಾರ ಇಬ್ಬರೂ ಸೇರಿ ಆ ರೋಗದ ಬೆನ್ನು ಹತ್ತಿದರು. ಅವನು ಬರೆದು ಕಳಿಸುವುದು, ಇವರು ನಮ್ಮ ತೆಲುಗು ಪುಟಗಳ ಮೇಲೆ ಪರೀಕ್ಷಿಸಿ, ಫೋಟೋ ತೆಗೆದು, "ಇನ್ನೂ ಒಡೆದಿದೆ" ಎಂದು ಗದರುವುದು. ಮನೆಯಲ್ಲಿ ಎದ್ದರೆ ಸೈಕಲ್, ಕೂತರೆ ಸೈಕಲ್. "ಸೈಕಲ್ ಹಂಗ ಮಾಡು ಅಂತದ", "ಸೈಕಲ್‌ಗ ಜ್ವರ ಅಂತ." ಅಣ್ಣ ತಡೆಯದೆ ಕೇಳಿದ, "ಈ ಸೈಕಲ್ ಗಂಡಸೋ ಹೆಂಗಸೋ ಅಷ್ಟಾದ್ರೂ ಹೇಳು!" ಕೊನೆಗೆ ರೋಗ ವಾಸಿಯಾಯಿತು, ನಮ್ಮ ತೆಲುಗಿಗಷ್ಟೇ ಅಲ್ಲ, ಅದೇ ರೋಗವಿದ್ದ ಬಂಗಾಲಿ ಪುಟಗಳಿಗೂ.

ತಮ್ಮ ಬಳಗವನ್ನು 'ಸಮುದಾಯ' ಎಂದು ಕರೆದುಕೊಳ್ಳುವ ಈ ತಂತ್ರಾಂಶದವರು ಊರೂರುಗಳಲ್ಲಿ ಆಗಾಗ ಸೇರುತ್ತಾರೆ. ಕಲಿತವರು ಕಲಿಯದವರಿಗೆ ಹೇಳಿಕೊಡುತ್ತಾರೆ, ಮುಖ ಕಾಣದೆ ಜಗಳಾಡಿದವರು ಮುಖ ನೋಡಿ ನಗುತ್ತಾರೆ. ನನ್ನಂಥ ಒಂಟಿ ಕೋಣೆಯ ಕೆಲಸಗಾರನಿಗೆ ಆಫೀಸೆಂದರೂ ಅದೇ, ಬಂಧುಬಳಗವೆಂದರೂ ಅದೇ. ಹೈದರಾಬಾದಿನಲ್ಲಿ ಆಗಬೇಕಿದ್ದ ಸಮ್ಮೇಳನ ಗಲಾಟೆಗೆ ಹೆದರಿ ನಿಂತುಹೋದಾಗ ಅತ್ತಿಗೆ, "ಅಲ್ಲಿ ಆಗಲ್ದಿದ್ರ ಜಹೀರಾಬಾದ್‌ನಾಗ ಮಾಡೂಣು" ಎಂದರು. ಹೆದ್ದಾರಿಯ ಊರು, ಬೀದರಿನವರಿಗೂ ನಾರಾಯಣಖೇಡದವರಿಗೂ ಹತ್ತಿರ. ಒಂದು ಫಂಕ್ಷನ್ ಹಾಲ್ ಗೊತ್ತು ಮಾಡಿ, ಪೇಂಟರಿಗೆ ಬೋರ್ಡು ಬರೆಯಲು ಹೇಳಿದರು. ತೆಲುಗು, ಉರ್ದು, ಕನ್ನಡ ಮೂರರಲ್ಲೂ ಪೇಂಟರು ದಪ್ಪಗೆ ಬರೆದ: ಸಮುದಾಯ ಸಮ್ಮೇಳನ. ಮೇಲಿನ ತಂತ್ರಾಂಶದ ಹೆಸರು ಜಾಗ ಸಾಲದೆ ಸಾಸಿವೆಯಷ್ಟಾಯಿತು.

ಯಾವ ಸಮುದಾಯ? ಊರಿಗೆಲ್ಲ ಅದೇ ಚಿಂತೆ! ಹಿಂದಿನ ದಿನ ನಾನು ಕುರ್ಚಿ ಹಾಕಿಸುತ್ತಿದ್ದಾಗ ಒಬ್ಬರಾದ ಮೇಲೊಬ್ಬರು ಹಿರಿಯರು ಬಂದು ಇಣುಕಿದರು. ತಮ್ಮದೇ ಸಮ್ಮೇಳನ ತಮಗೆ ತಿಳಿಸದೆ ನಡೆಯುತ್ತಿದೆಯೆಂದು ಒಬ್ಬರು ಮುನಿಸಿಕೊಂಡರು. ಪೇಟಾ ಸುತ್ತಿದ್ದ ಇನ್ನೊಬ್ಬರು ನನ್ನನ್ನು ಮೂಲೆಗೆ ಕರೆದು, "ಅಧ್ಯಕ್ಷರು ಯಾರ್ರಿ? ನಮ್ಮವರೋ, ಅವರವರೋ?" ಎಂದು ಪಿಸುಗುಟ್ಟಿದರು. ಯಾರೂ ಬರಬಹುದಾದ ಸಮುದಾಯ ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. "ಅಂಥಾದ್ದು ನಮ್ಮೂರಾಗ ಇಲ್ಲ ಬಿಡ್ರಿ" ಎಂದು ಹೋದರು.

ಅದೇ ಸಂಜೆ ಸುದ್ದಿ ಬಂತು: ನಾಳೆ ಬಂದ್. ಅಷ್ಟರಲ್ಲಿ ಇಪ್ಪತ್ತೆರಡು ಜನ ಊರಿಗೆ ಬಂದಾಗಿತ್ತು.

ಬೆಳಿಗ್ಗೆ ಅಂಗಡಿಗಳ ಶಟರುಗಳು ಇಳಿದಿದ್ದವು. ಹೆದ್ದಾರಿಯಲ್ಲಿ ಒಂದೂ ಲಾರಿ ಇಲ್ಲ. ದೂರದಲ್ಲಿ ಟೈರು ಸುಡುವ ವಾಸನೆ. ಹಾಲ್‌ನ ಮುಂಬಾಗಿಲನ್ನು ಅರ್ಧ ಮುಚ್ಚಿ, ನಾವು ಸದ್ದಿಲ್ಲದೆ ಶುರು ಮಾಡಿದೆವು. ಆಗ ನೀಳವಾದ, ತೆಳ್ಳನೆಯ ಮನುಷ್ಯನೊಬ್ಬ ಅತ್ತಿಗೆಯ ಮುಂದೆ ಬಂದು ನಿಂತು, "ನೇನೇ ಅಂಡಿ, ಸೈಕಲ್" ಎಂದ, ನಾನೇ ಸೈಕಲ್ ಎಂದು ತೆಲುಗಿನಲ್ಲಿ.

ಅತ್ತಿಗೆ ಬಾಯಿ ತೆರೆದುಕೊಂಡು ನಿಂತರು. ಅಮೆರಿಕದವನೋ ಹಂಗೇರಿಯವನೋ ಎಂದುಕೊಂಡಿದ್ದವನು ಅಚ್ಚ ತೆಲುಗಿನವ! ಅದೂ ಎಲ್ಲಿಯವನು? ಗುಂಟೂರಿನವನು! ರಾಜ್ಯ ಒಡೆಯಬಾರದು ಎನ್ನುವ ಆ ಕಡೆಯವನು. ಬಂದ್‌ನ ಸುದ್ದಿ ಬರುವ ಎರಡು ದಿನ ಮೊದಲೇ ಬಂದು ಲಾಡ್ಜಿನಲ್ಲಿದ್ದನಂತೆ.

"ಮತ್ತ ನನ್ನ ಪುಟದಾಗ ಏನ್ ಬರದಿತ್ತು ಅಂತ ನಿನಗ ಓದಾಕ ಬರ್ತಿತ್ತು?" ಎಂದರು ಅತ್ತಿಗೆ. ಗಾಬರಿಯಲ್ಲಿ ಕನ್ನಡದಲ್ಲೇ ಕೇಳಿ, ಮತ್ತೆ ತೆಲುಗಿನಲ್ಲಿ ಕೇಳಿದರು.

ಸೈಕಲ್ ತೆಲುಗಿನಲ್ಲಿ ನಿಧಾನವಾಗಿ ಹೇಳಿದ. "ಎಲ್ಲ ಓದಿದೆ ಅಕ್ಕಾ. ಒಂದಕ್ಷರವೂ ನನಗೆ ಒಪ್ಪಿಗೆಯಿಲ್ಲ. ಆದರೆ ಪುಟ ಒಡೆದಿತ್ತಲ್ಲ."

ಅತ್ತಿಗೆ ತಮ್ಮ ಚಹದ ಲೋಟವನ್ನು ಅವನ ಕೈಗೆ ಕೊಟ್ಟರು. ಒಪ್ಪದವನ ಜೊತೆ ಅವರು ಜಗಳಕ್ಕಿಳಿಯದ್ದನ್ನು ನಾನು ಕಂಡದ್ದು ಅದೇ ಮೊದಲು.

ಮೊದಲು ಬಂದದ್ದು ಪೊಲೀಸರು. ನಿಷೇಧಾಜ್ಞೆ ಇದ್ದ ದಿನ ಇಪ್ಪತ್ತಕ್ಕೂ ಹೆಚ್ಚು ಜನ ಒಂದೆಡೆ! ಎಸ್.ಐ. ಸಾಹೇಬರು ಬೋರ್ಡನ್ನು ಎರಡು ಸಲ ಓದಿ ಒಳಗೆ ಬಂದರು.

"ಇದು ಯಾವ ಸಮುದಾಯದ್ದು ಅಮ್ಮಾ?"

"ತಂತ್ರಾಂಶದ್ದು ಸರ್. ಪುಕ್ಕಟೆ ಕೊಡ್ತೀವಿ, ಪುಕ್ಕಟೆ ಕಲಸ್ತೀವಿ."

ಎಸ್.ಐ. ಹುಬ್ಬು ಗಂಟಿಕ್ಕಿದರು. "ಪುಕ್ಕಟೆ ಯಾರ್ ಕೊಡ್ತಾರಮ್ಮಾ? ನಿಮ್ಮ ಹಿಂದ ಯಾರ್ ಇದ್ದಾರ?" ಒಂದು ಲ್ಯಾಪ್‌ಟಾಪಿನ ಪರದೆಯನ್ನು ಬಗ್ಗಿ ನೋಡಿದರು. ಸಾಲುಸಾಲು ಸಂಕೇತ. ಬಾಂಬಿನ ವಿವರವೋ ಎಂಬಂತೆ ಹಿಂದೆ ಸರಿದರು! ಅತ್ತಿಗೆ ಅವರಿಗೆ ಹತ್ತು ನಿಮಿಷ ಪಾಠ ಮಾಡಿದರು. ಅವರಿಗೆ ಅರ್ಥವಾದದ್ದು ಒಂದೇ: ಈ ಅಮ್ಮನನ್ನು ಠಾಣೆಗೆ ಕರೆದೊಯ್ದರೆ ಅಲ್ಲೂ ಪಾಠ ನಿಲ್ಲುವುದಿಲ್ಲ. "ಮಧ್ಯಾಹ್ನದೊಳಗ ಮುಗಸ್ರಿ" ಎಂದು ಬಾಗಿಲ ಬಳಿ ಇಬ್ಬರು ಕಾನ್‌ಸ್ಟೇಬಲ್‌ಗಳನ್ನು ನಿಲ್ಲಿಸಿ ಹೋದರು.

ಆಮೇಲೆ ಬಂದದ್ದು ಗುಂಪು. ಗುಂಟೂರಿನವನೊಬ್ಬ ಬಂದಿಳಿದಿದ್ದಾನೆಂದು ಲಾಡ್ಜಿನವನು ಯಾರ ಬಳಿಯೋ ಬಾಯಿ ಬಿಟ್ಟಿದ್ದ. ಐವತ್ತರವತ್ತು ಜನ, ಮುಂದೆ ಹೋರಾಟ ಸಮಿತಿಯ ಮುಖಂಡ. ಕಾಲೇಜಿನಲ್ಲಿ ಪಾಠ ಮಾಡುವವರು, ಟೆಂಟಿನಲ್ಲಿ ಅತ್ತಿಗೆಯ ಪಕ್ಕದಲ್ಲೇ ಕೂತವರು. ಕಾನ್‌ಸ್ಟೇಬಲ್‌ಗಳಿಬ್ಬರೂ ಗೋಡೆಗೆ ಒತ್ತಿ ನಿಂತರು. ಅತ್ತಿಗೆ ಒಂದು ಕುರ್ಚಿ ಎಳೆದು ಬಾಗಿಲಿಗೆ ಅಡ್ಡ ಹಾಕಿ ಕೂತರು.

"ಟೀಚರಮ್ಮಾ, ಒಳಗ ಆ ಕಡಿಯವ ಒಬ್ಬ ಇದ್ದಾನಂತ, ಖರೇ ಏನು?" ಎಂದರು ಮುಖಂಡರು.

"ಖರೇ ಅದರಿ. ನನ್ನ ಅತಿಥಿ. ನಮ್ಮ ಸಮಿತಿ ವೆಬ್‌ಸೈಟ್ ಕೆಟ್ಟಾಗ ರಿಪೇರಿ ಮಾಡ್ದಾಂವ ಅವನೇ."

ಗುಂಪು ತಣ್ಣಗಾಗುತ್ತದೆಂದು ಅತ್ತಿಗೆ ಎಣಿಸಿದ್ದರೋ ಏನೋ. ಬೆಂಕಿಗೆ ಎಣ್ಣೆ ಬಿದ್ದಂತಾಯಿತು!

"ನಮ್ಮ ವೆಬ್‌ಸೈಟಿನ ಪಾಸ್‌ವರ್ಡ್ ಅವನ ಕೈಯಾಗ ಕೊಟ್ರಾ?" ಎಂದು ಹಿಂದಿನಿಂದ ಒಬ್ಬ ಚೀರಿದ. ಹಾಲ್‌ನ ಕಿಟಕಿಗೆ ಒಂದು ಕಲ್ಲು ಬಿತ್ತು. ಒಳಗೆ ಯಾರೋ ಹೆಂಗಸರು ಕೂಗಿಕೊಂಡರು.

ಅತ್ತಿಗೆ ಕೂತಲ್ಲಿಂದ ಏಳಲಿಲ್ಲ. "ಪಾಸ್‌ವರ್ಡ್ ಯಾಕ ಬೇಕು? ಅವ ರಿಪೇರಿ ಮಾಡಿದ್ದು ನಮ್ಮ ಮನಿ ಒಳಗ ಬಂದಲ್ಲ. ಎಲ್ಲಾರ ಮನಿಗೂ ಒಂದೇ ಬಾಗಿಲ ಅದ, ಆ ಬಾಗಿಲದ ನಕ್ಷೆ ಊರಿಗೇ ಗೊತ್ತದ, ಅದನ್ನ ತಿದ್ದ್ಯಾನ. ನಮಗೂ ಸರಿ ಆತು, ಬಂಗಾಲದವರಿಗೂ ಸರಿ ಆತು. ಗುಟ್ಟು ಇರಲ್ದ ಕಡಿ ಕದಿಯೋದೇನದ?"

ಮುಖಂಡರಿಗೆ ಅರ್ಥವಾಯಿತು, ಗುಂಪಿಗೆ ಆಗಲಿಲ್ಲ. ಅವರು ಬಗ್ಗಿ ಮೆಲ್ಲಗೆ ಹೇಳಿದರು, "ನಾ ಇವರನ್ನ ಒಂದು ತಾಸು ತಡೀತೀನಿ ಅಮ್ಮಾ. ಅಷ್ಟರಾಗ ಅವನ್ನ ಊರು ದಾಟಸ್ರಿ. ಆಮ್ಯಾಲ ನನ್ನ ಕೈಯಾಗ ಏನೂ ಇಲ್ಲ."

ಹೈದರಾಬಾದಿನ ದಾರಿ ಬಂದ್. ಉಳಿದದ್ದು ಬೀದರ್ ರಸ್ತೆ. ಗಡಿ ದಾಟಿದರೆ ಕರ್ನಾಟಕ, ಅಲ್ಲಿ ಬಸ್ಸು ಓಡುತ್ತವೆ, ರಾಯಚೂರಿನ ಮೇಲೆ ಸುತ್ತುಹಾಕಿ ಅವನು ಊರು ಸೇರಬಹುದು. ಹಾಲ್‌ನ ಹಿಂಬಾಗಿಲಿನಿಂದ ಹೊರಟೆವು. ಮುಂದೆ ಅತ್ತಿಗೆಯ ಸ್ಕೂಟಿ, ಅದರ ಹಿಂದೆ ಕಾಲು ಎಲ್ಲಿಡಬೇಕೆಂದು ತಿಳಿಯದ ಸೈಕಲ್. ನನ್ನ ಬೈಕಿನ ಮೇಲೆ ಅವನ ಚೀಲ.

ಮೊದಲ ತಡೆಯಲ್ಲಿ ಜಾಲಿಮುಳ್ಳಿನ ಕಂಟಿ ಅಡ್ಡ ಎಳೆದಿದ್ದರು. ಅತ್ತಿಗೆ ದೂರದಿಂದಲೇ "ಜೈ ತೆಲಂಗಾಣ" ಎಂದರು. ಆ ಗಂಟಲಿಗೆ ಯಾರು ಸಂಶಯಪಡುತ್ತಾರೆ? ಕಂಟಿ ಸರಿಯಿತು.

ಎರಡನೆಯ ತಡೆಯವರು ಗಾಡಿ ನಿಲ್ಲಿಸಿದರು. "ಹಿಂದ ಯಾರು?"

"ನನ್ನ ತಮ್ಮರಿ. ಮಾತು ಬರಂಗಿಲ್ಲ. ಬೀದರ್ ದವಾಖಾನಿಗಿ ಹೊಂಟೀವಿ."

ಪಾಪ, ಒಳ್ಳೆಯ ಜನ. ಬಿಸಿಲಲ್ಲಿ ಬಂದಿದ್ದಾನೆಂದು ಒಬ್ಬ ಅವನಿಗೆ ನೀರಿನ ತಂಬಿಗೆ ಕೊಟ್ಟ. ಸೈಕಲ್ ಗಟಗಟ ಕುಡಿದು, ಬಾಯಿ ಒರೆಸಿಕೊಂಡು, "ಥ್ಯಾಂಕ್ಯೂ" ಎಂದ.

ತಂಬಿಗೆ ಕೊಟ್ಟವನು ಅದನ್ನು ವಾಪಸ್ ಇಸಿದುಕೊಂಡು ಅತ್ತಿಗೆಯತ್ತ ತಿರುಗಿದ.

"ಮಾತು ಬರಂಗಿಲ್ಲ ಅಂದ್ರಿ?"

"ಇಂಗ್ಲಿಷ್ ಅಷ್ಟೇ ಬರ್ತದ ಅವಗ" ಎಂದರು ಅತ್ತಿಗೆ, ಕಣ್ಣು ಮಿಟುಕಿಸದೆ. "ನಮ್ಮ ಮಾತು ಬರಂಗಿಲ್ಲ. ಅದಕ್ಕೇ ದವಾಖಾನಿಗಿ!" ಅವರು ಅದನ್ನು ಜೀರ್ಣಿಸಿಕೊಳ್ಳುವ ಮೊದಲೇ ಸ್ಕೂಟಿ ಹೊರಟಿತ್ತು.

ಮೂರನೆಯದು ಗಡಿಗೆ ಹತ್ತಿರ. ಅಲ್ಲಿ ತಮಾಷೆ ಇರಲಿಲ್ಲ. ರಸ್ತೆಯ ನಡುವೆ ಎರಡು ಟೈರು ಉರಿಯುತ್ತಿದ್ದವು. ಒಂದು ಜೀಪಿನ ಗಾಜು ಪುಡಿಯಾಗಿ ಬಿದ್ದಿತ್ತು. ಕೈಯಲ್ಲಿ ಬಡಿಗೆ ಹಿಡಿದವರು ಸುತ್ತುವರಿದರು. ಅತ್ತಿಗೆ ಕೂಗಿದರು. ಸಾಲಲಿಲ್ಲ. ದಪ್ಪ ಮೀಸೆಯವನೊಬ್ಬ ಬಡಿಗೆಯಿಂದ ಸ್ಕೂಟಿಯ ಗಾಲಿ ತಟ್ಟಿ, "ಹಿಂದ ಕೂತಾಂವನೂ ಕೂಗಲಿ" ಎಂದ.

ಸೈಕಲ್‌ನ ಮುಖ ಬೂದಿಯಾಗಿತ್ತು. ಅವನು ತುಟಿ ಒದ್ದೆ ಮಾಡಿಕೊಂಡು ಬಾಯಿ ತೆರೆದ. ಎರಡು ಪದ, ಅಷ್ಟೇ! ಹೇಳಿಬಿಡು ಮಾರಾಯ ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಅತ್ತಿಗೆ ಹಿಂದಕ್ಕೆ ಕೈ ಚಾಚಿ ಅವನ ಬಾಯಿಗೆ ಅಡ್ಡ ಹಿಡಿದರು.

"ನೀ ಕೂಗಬ್ಯಾಡ" ಎಂದರು. ಆಮೇಲೆ ಮೀಸೆಯವನ ಕಡೆ ತಿರುಗಿದರು. "ಇವ ಗುಂಟೂರಿನವ. ಮನಸ್ನಾಗ ಇಲ್ಲ ಇವಗ. ಬಡಗಿ ತೋರ್ಸಿ ಕೂಗ್ಸಿದ್ರ ಅದು ಎಂಥಾ ಜೈ ಅಣ್ಣಾ? ನಾ ಮೂವತ್ತು ದಿನ ಟೆಂಟಿನಾಗ ಕುಂತು ಕೂಗೀನಿ, ಯಾರೂ ಬಡಗಿ ತೋರ್ಸಿಲ್ಲ. ಇವನ ಪಾಲಿಂದೂ ನಾನೇ ಕೂಗ್ತೀನಿ."

ತಮ್ಮದನ್ನು ಕೂಗಿದರು. ಗುಡ್ಡಕ್ಕೆ ಬಡಿದು ಮರುದನಿ ಬಂತು. ಮತ್ತೆ ಉಸಿರು ಎಳೆದುಕೊಂಡು, "ಇದು ಇವಂದು" ಎಂದು ಇನ್ನೊಮ್ಮೆ ಕೂಗಿದರು. ಅರ್ಧಕ್ಕೆ ದನಿ ಒಡೆಯಿತು.

ಟೈರು ಚಟಪಟ ಉರಿಯುವ ಸದ್ದೊಂದೇ. ಮೀಸೆಯವನು ಸೈಕಲ್‌ನನ್ನು, ಅತ್ತಿಗೆಯನ್ನು, ಮತ್ತೆ ಸೈಕಲ್‌ನನ್ನು ನೋಡಿದ.

"ಎರಡನೇದು ಜರಾ ಸಣ್ಣ ಆತಲ್ರಿ ಅಕ್ಕಾ?"

"ಅವನ ಪಾಲಿಂದಲ್ಲ? ಅಷ್ಟೇ ಬರ್ತದ!"

ಹಿಂದೆ ಯಾರೋ ಕಿಸಕ್ಕೆಂದರು. ಆಮೇಲೆ ಇನ್ನೊಬ್ಬರು. ಮೀಸೆಯವನೂ ನಕ್ಕುಬಿಟ್ಟ. ಬಡಿಗೆಯಿಂದಲೇ ಒಂದು ಟೈರನ್ನು ಬದಿಗೆ ಎಳೆದು ದಾರಿ ಬಿಟ್ಟ.

ಗಡಿಯಾಚೆ ಬೀದರಿಗೆ ಹೋಗುವ ಬಸ್ಸೊಂದು ನಿಂತಿತ್ತು. ಸೈಕಲ್ ಚೀಲ ತೆಗೆದುಕೊಂಡು, ಏನೋ ಹೇಳಬೇಕೆಂದು ನಿಂತ. ಮನೆ ಮುಟ್ಟಿದ ಮೇಲೆ ಬರೆಯುತ್ತೇನೆ ಅಕ್ಕಾ ಎಂದಷ್ಟೇ ಹೇಳಿದ.

"ಬರಿ. ಜಗಳ ಇನ್ನ ಬಾಕಿ ಅದ ನಂದು ನಿಂದು" ಎಂದರು ಅತ್ತಿಗೆ.

ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ನಾನು ಬೈಕು ಚಾಲೂ ಮಾಡಿದೆ. ಹಿಂದಿನಿಂದ ಸ್ಕೂಟಿಯ ಸದ್ದು ಬರಲಿಲ್ಲ. ತಿರುಗಿ ನೋಡಿದರೆ ಅತ್ತಿಗೆ ಕೀಲಿಯನ್ನು ತೂತಿಗೆ ಹಾಕಲು ನೋಡುತ್ತಿದ್ದಾರೆ, ಅದು ಹೋಗುತ್ತಿಲ್ಲ. ಹತ್ತಿರ ಹೋದೆ. ಅವರ ಎರಡೂ ಕೈ ಗಡಗಡ ನಡುಗುತ್ತಿದ್ದವು.

"ಅತ್ತಿಗಿ?"

"ಭಾಳ ಅಂಜಿಕಿ ಆಗಿತ್ತಪ್ಪ ನನಗ" ಎಂದರು, ತಲೆ ಎತ್ತದೆ. "ಹೊಡದೇಬಿಡ್ತಾರ ಅನ್ಕೊಂಡಿದ್ದೆ."

ಸ್ಕೂಟಿಯನ್ನು ಅಲ್ಲಿನ ಚಹದಂಗಡಿಯವನ ಬಳಿ ಬಿಟ್ಟೆ. ಅತ್ತಿಗೆ ಏನೂ ತಕರಾರು ಮಾಡದೆ ನನ್ನ ಬೈಕಿನ ಹಿಂದೆ ಹತ್ತಿ ಕೂತು, ನನ್ನ ಹೆಗಲ ಮೇಲೆ ಕೈಯಿಟ್ಟರು. ಜಹೀರಾಬಾದ್ ಬರುವವರೆಗೂ ಆ ಕೈ ನಡುಗುತ್ತಲೇ ಇತ್ತು. ನಾನು ಒಂದೊಂದು ಗುಂಡಿಯನ್ನೂ ತಪ್ಪಿಸುತ್ತ, ಜೀವನದಲ್ಲಿ ಎಂದೂ ಓಡಿಸದಷ್ಟು ನಿಧಾನವಾಗಿ ಗಾಡಿ ಓಡಿಸಿದೆ.